ಹಾಡುವವರ ಕೈಯಲ್ಲಿನ ವೋಕಲ್ ಸ್ಕೋರ್: ಯಾವ ಆವೃತ್ತಿ, ಏಕೆ?

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ಕೋರಲ್ ಕೃತಿಯೊಂದನ್ನು ಕಾಯರ್ (ಸಮೂಹ ಗಾಯನದ ತಂಡ) ಕೈಗೆತ್ತಿಕೊಂಡಾಗ ಹಾಡುವವರು ಮೊದಲು ಕೇಳುವುದು ಯಾವ ಪುಸ್ತಕ ಕೊಳ್ಳಬೇಕೆಂದು. ಕೃತಿಯ ಹೆಸರನ್ನಷ್ಟೇ ಹೇಳಿ ಕಳಿಸಿದರೆ ಎಷ್ಟು ಫಜೀತಿಯಾಗುತ್ತದೆ ಎಂಬುದನ್ನು ಕಾಯರ್‌ಗಳಿಗೆ ತರಬೇತಿ ಕೊಡುವ ನಮ್ಮಂಥವರು ಚೆನ್ನಾಗಿ ಬಲ್ಲೆವು. ಅಂಗಡಿಯಲ್ಲಿ ಸಿಗುವುದು ಕೃತಿಯಲ್ಲ, ಅದರ ಒಂದು ಆವೃತ್ತಿ.

ಎಲ್ಲ ಕಂಠಗಳ ಸಾಲುಗಳನ್ನೂ ಪೂರ್ತಿಯಾಗಿ ಮುದ್ರಿಸಿ, ಆರ್ಕೆಸ್ಟ್ರಾದ ಅನೇಕ ಸಾಲುಗಳನ್ನು ಪಿಯಾನೊದ ಎರಡು ಸಾಲಿಗೆ ಇಳಿಸಿದ ಪುಸ್ತಕವೇ ವೋಕಲ್ ಸ್ಕೋರ್. ಇಂಥ ಪುಸ್ತಕ ಅಗ್ಗವಾಗಿ ಸಿಗುವ ಮುಂಚೆ ಹಾಡುವವರ ಕೈಗೆ ಸಾಮಾನ್ಯವಾಗಿ ತಮ್ಮ ತಮ್ಮ ಪಾಲಿನ ಸಾಲು ಮಾತ್ರ ಬರುತ್ತಿತ್ತು. 1840ರ ದಶಕದಲ್ಲಿ ಲಂಡನ್ನಿನ ನೊವೆಲ್ಲೊ ಪ್ರಕಾಶನವು ಸಣ್ಣ ಆಕಾರದ ಅಗ್ಗದ ವೋಕಲ್ ಸ್ಕೋರ್‌ಗಳನ್ನು ಮುದ್ರಿಸತೊಡಗಿದ ಮೇಲೆ, ಆಲ್ಟೊ (ಹೆಂಗಸರ ತಗ್ಗು ದನಿ) ಹಾಡುವವರು ಟೆನರ್ (ಗಂಡಸರ ಎತ್ತರದ ದನಿ) ಏನು ಹಾಡುತ್ತಿದ್ದಾರೆ ಎಂಬುದನ್ನು ಕಣ್ಣಿನಿಂದಲೇ ನೋಡುವಂತಾಯಿತು. ಕೆಲವು ಪ್ರಕಾಶಕರು ಪಿಯಾನೊ ಇಲ್ಲದೆ ಕಂಠಗಳನ್ನಷ್ಟೇ ಮುದ್ರಿಸಿದ ತೆಳುವಾದ ಕೋರಸ್ ಸ್ಕೋರನ್ನೂ ಮಾರುತ್ತಾರೆ. ಅದು ಅಗ್ಗ, ಹಗುರ. ಆದರೆ ಉದ್ದನೆಯ ವಿರಾಮದ ನಂತರ ಎಲ್ಲಿ ಎತ್ತಿಕೊಳ್ಳಬೇಕೆಂದು ತಿಳಿಯಲು ಬಾರ್‌ಗಳನ್ನು (ತಾಳದ ಲೆಕ್ಕಕ್ಕೆ ಗೆರೆ ಎಳೆದು ವಿಂಗಡಿಸಿದ ಖಾನೆಗಳನ್ನು) ಎಣಿಸುತ್ತಲೇ ಕೂರಬೇಕಾಗುವುದರಿಂದ ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ.

ಆವೃತ್ತಿ ಬೇರೆಯಾದರೆ ಏನಾಗುತ್ತದೆ ಎಂಬುದಕ್ಕೆ ಹ್ಯಾಂಡೆಲನ 'ಮೆಸ್ಸಾಯ'ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1741ರಲ್ಲಿ ರಚಿಸಿ 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲು ಪ್ರದರ್ಶಿಸಿದ ಈ ಕೃತಿಯನ್ನು ಹ್ಯಾಂಡೆಲ್ ಮುಂದಿನ ವರ್ಷಗಳಲ್ಲಿ, ಸಿಕ್ಕ ಗಾಯಕರಿಗೆ ತಕ್ಕಂತೆ, ಮತ್ತೆ ಮತ್ತೆ ತಿದ್ದಿದ. ಕೆಲವು ಏರಿಯಾಗಳನ್ನು (ಒಬ್ಬರೇ ಹಾಡುವ ಹಾಡುಗಳನ್ನು) ಬೇರೆ ಕಂಠಕ್ಕೆ ಹೊರಳಿಸಿದ, ಕೆಲವನ್ನು ಹೊಸದಾಗಿಯೇ ಬರೆದ. ಹಾಗಾಗಿ ಯಾವ ರೂಪವನ್ನು ಮುಖ್ಯ ಪುಟಗಳಲ್ಲಿ ಇಡಬೇಕು, ಯಾವುದನ್ನು ಅನುಬಂಧಕ್ಕೆ ತಳ್ಳಬೇಕು ಎಂಬುದನ್ನು ಸಂಪಾದಕರೇ ನಿರ್ಧರಿಸಬೇಕು. ವಾಟ್ಕಿನ್ಸ್ ಶಾ ಸಂಪಾದಿಸಿದ ನೊವೆಲ್ಲೊ ಆವೃತ್ತಿಯಲ್ಲಿ ಕೃತಿಯನ್ನು 53 ಬಿಡಿ ತುಣುಕುಗಳಾಗಿ ಎಣಿಸಿದ್ದರೆ, ಜರ್ಮನಿಯ ಪ್ರಕಾಶನವಾದ ಬೇರನ್‌ರೈಟರ್ ಆವೃತ್ತಿಯಲ್ಲಿ ಎಣಿಕೆ 47ಕ್ಕೆ ಮುಗಿಯುತ್ತದೆ. ಕಾಯರಿನ ಮೊದಲ ಕೋರಸ್ ಎರಡರಲ್ಲೂ 4ನೆಯದೇ ಆದ್ದರಿಂದ ಆರಂಭದ ತರಗತಿಗಳಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕೃತಿಯ ಎರಡನೆಯ ಭಾಗಕ್ಕೆ ಬಂದು, ಕಂಡಕ್ಟರ್ (ಗಾಯನವನ್ನು ಮುಂದೆ ನಿಂತು ನಡೆಸುವವರು) ನಲವತ್ತನಾಲ್ಕು ಎಂದು ಹೇಳಿದಾಗ ಅರ್ಧ ಜನ 'ಹಲ್ಲೆಲೂಯ'ಕ್ಕೆ ಎದ್ದು ನಿಲ್ಲುತ್ತಾರೆ, ಉಳಿದರ್ಧ ಜನ ಮೂರನೆಯ ಭಾಗದ ಹಾಳೆಗಳಲ್ಲಿ ತಡಕಾಡುತ್ತಾರೆ, ಏಕೆಂದರೆ ಅವರ ಪುಸ್ತಕದಲ್ಲಿ ಅದು 39.

ಮೊಜಾರ್ಟನ 'ರೆಕ್ವಿಯಮ್'ನಲ್ಲಿ (ತೀರಿಕೊಂಡವರಿಗಾಗಿ ಹಾಡುವ ಪ್ರಾರ್ಥನಾ ಕೃತಿ) ವ್ಯತ್ಯಾಸ ಬರೀ ಸಂಖ್ಯೆಯದಲ್ಲ. 1791ರಲ್ಲಿ ಅವನು ತೀರಿಕೊಂಡಾಗ ಕೃತಿ ಅಪೂರ್ಣವಾಗಿತ್ತು. 'ಲಾಕ್ರಿಮೋಸ' ಎಂಬ ಭಾಗದಲ್ಲಿ ಅವನ ಕೈಬರಹ ಎಂಟನೆಯ ಬಾರ್‌ಗೆ ನಿಂತಿದೆ. ಬಹುಕಾಲದಿಂದ ರೂಢಿಯಲ್ಲಿರುವುದು ಅವನ ಶಿಷ್ಯ ಸ್ಯೂಸ್‌ಮಾಯರ್ ಪೂರ್ಣಗೊಳಿಸಿದ ರೂಪ, ಅದರಲ್ಲಿ ಈ ಭಾಗ ಚಿಕ್ಕದೊಂದು 'ಆಮೆನ್'ನೊಂದಿಗೆ ಮುಗಿಯುತ್ತದೆ. ನಮ್ಮ ಕಾಲದ ಸಂಗೀತಜ್ಞ ರಾಬರ್ಟ್ ಲೆವಿನ್ ಪೂರ್ಣಗೊಳಿಸಿದ ರೂಪದಲ್ಲಾದರೋ, ಇಪ್ಪತ್ತನೆಯ ಶತಮಾನದಲ್ಲಿ ಸಿಕ್ಕ ಮೊಜಾರ್ಟನ ಕರಡೊಂದನ್ನು ಬೆಳೆಸಿದ ಇಡೀ ಫ್ಯೂಗ್ (ಒಂದೇ ರಾಗಸಾಲನ್ನು ಕಂಠಗಳು ಒಂದರ ಹಿಂದೊಂದು ಎತ್ತಿಕೊಂಡು ಹೆಣೆಯುವ ರಚನೆ) ಇದೆ. ಸ್ಯೂಸ್‌ಮಾಯರ್ ಪ್ರತಿ ಹಿಡಿದು ಬಂದವರ ಪುಸ್ತಕದಲ್ಲಿ ಆ ಪುಟಗಳೇ ಇರುವುದಿಲ್ಲ.

ಪಿಯಾನೊ ಸಾಲಿನ ಬಗ್ಗೆ ಹಾಡುವವರು ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ನನ್ನ ಮಟ್ಟಿಗೆ ಆವೃತ್ತಿಯ ಯೋಗ್ಯತೆ ತಿಳಿಯುವುದೇ ಅಲ್ಲಿ. ತಮ್ಮ ಮೊದಲ ಸ್ವರವನ್ನು ಅವರು ತರಗತಿಯಲ್ಲಿ ಹಿಡಿಯುವುದು ಪಿಯಾನೊದಿಂದ. ಕಛೇರಿಯ ದಿನ ಅದೇ ಸ್ವರ ಎರಡನೆಯ ಕ್ಲಾರಿನೆಟ್‌ನಲ್ಲಿ, ವೇದಿಕೆಯ ಇನ್ನೊಂದು ಮೂಲೆಯಲ್ಲಿ ಮೆಲ್ಲಗೆ ನುಡಿದು ಹೋಗಿರುತ್ತದೆ. ಆದ್ದರಿಂದ ಪಿಯಾನೊ ಸಾಲಿನ ಮೇಲೆ ಯಾವ ವಾದ್ಯ ನುಡಿಯುತ್ತಿದೆ ಎಂದು ಸಂಕ್ಷಿಪ್ತವಾಗಿ ನಮೂದಿಸಿರುವ ಸ್ಕೋರ್ ಸಿಕ್ಕರೆ ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ. ಬ್ರಾಮ್ಸ್ ತನ್ನ 'ಜರ್ಮನ್ ರೆಕ್ವಿಯಮ್'ನ ಪಿಯಾನೊ ರೂಪವನ್ನು ತಾನೇ ಮಾಡಿದ. ಅಷ್ಟಾದರೂ ಮೂರನೆಯ ಭಾಗದ ಕೊನೆಯ ಫ್ಯೂಗಿನುದ್ದಕ್ಕೂ ಕೆಳಗೆ ಹಿಡಿದಿರುವ ಡಿ ಸ್ವರವು ಪಿಯಾನೊದಲ್ಲಿ ನುಡಿದೊಡನೆ ಕ್ಷೀಣಿಸುತ್ತದೆ. ಅದೇ ಸ್ವರ ಟಿಂಪನಿಯ (ಆರ್ಕೆಸ್ಟ್ರಾದ ದೊಡ್ಡ ನಗಾರಿ) ಕೈಯಲ್ಲಿ ಎಂಥದಾಗಬಲ್ಲುದು ಎಂಬುದು 1867ರ ವಿಯೆನ್ನಾ ಪ್ರದರ್ಶನದಲ್ಲಿ ಗೊತ್ತಾಯಿತು: ವಾದಕ ಮಿತಿಮೀರಿ ಜೋರಾಗಿ ಬಾರಿಸಿ ಫ್ಯೂಗನ್ನೇ ಮುಳುಗಿಸಿಬಿಟ್ಟ.

ಹಳೆಯ ಮುದ್ರಣಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಕಲಿಯಲು ಅಡ್ಡಿಯಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಬಾಖ್ ಸಮಗ್ರ ಸಂಪುಟಗಳಲ್ಲಿ ಸೊಪ್ರಾನೊ, ಆಲ್ಟೊ, ಟೆನರ್ ಮೂರಕ್ಕೂ ಸಿ ಕ್ಲೆಫ್ (ಯಾವ ಗೆರೆ ಯಾವ ಸ್ವರವೆಂದು ಹೇಳುವ, ಈಗ ಕಾಯರ್ ಪುಸ್ತಕಗಳಲ್ಲಿ ಬಳಕೆ ತಪ್ಪಿದ ಗುರುತು) ಬಳಸಿರುವುದರಿಂದ ಇಂದಿನ ಗಾಯಕರು ಮೊದಲ ಪುಟದಲ್ಲೇ ಎಡವುತ್ತಾರೆ. ಮೇಲಾಗಿ, ಆ ಕಾಲದ ಎಷ್ಟೋ ಸಂಪಾದಕರು ದನಿ ಎಲ್ಲಿ ಜೋರು, ಎಲ್ಲಿ ಮೆಲ್ಲಗೆ ಎಂಬ ಗುರುತುಗಳನ್ನು ತಾವೇ ಸೇರಿಸಿ, ಮೂಲದವೇ ಎಂಬಂತೆ ಮುದ್ರಿಸಿದ್ದಾರೆ. ಈಗಿನ ವಿಮರ್ಶಾತ್ಮಕ ಆವೃತ್ತಿಗಳಲ್ಲಿ ಸಂಪಾದಕರ ಸೇರ್ಪಡೆಗಳು ಚಿಕ್ಕ ಅಕ್ಷರದಲ್ಲೋ, ಆವರಣ ಚಿಹ್ನೆಯೊಳಗೋ, ಮುರಿದ ಗೆರೆಯಲ್ಲೋ ಬೇರೆಯಾಗಿ ಕಾಣುತ್ತವೆ. ಸಂಯೋಜಕ ತೀರಿಹೋಗಿ ಎಷ್ಟೇ ಕಾಲವಾಗಿದ್ದರೂ ಇಂಥ ಹೊಸ ಆವೃತ್ತಿಗೆ ತನ್ನದೇ ಹಕ್ಕುಸ್ವಾಮ್ಯ ಇರಬಹುದು. ಒಂದು ಪ್ರತಿ ಕೊಂಡು ಇಡೀ ಕಾಯರಿಗೆ ಜೆರಾಕ್ಸ್ ಹಂಚುವ ಅಭ್ಯಾಸ ಅಲ್ಲಿಗೆ ಸಲ್ಲದು.

ಕೊಳ್ಳುವ ಮುಂಚೆ ಕಂಡಕ್ಟರರಿಂದ ಪ್ರಕಾಶಕರ ಹೆಸರು, ಸಂಪಾದಕರ ಹೆಸರು ಮತ್ತು ಮುಖಪುಟದ ಮೇಲಿರುವ ಪ್ರಕಾಶಕರ ಸಂಖ್ಯೆ ಮೂರನ್ನೂ ಬರೆಸಿಕೊಳ್ಳುವುದು ಉತ್ತಮ. ಬೇರೆ ಆವೃತ್ತಿ ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಎಸೆಯಬೇಕಿಲ್ಲ. ಎಲ್ಲರ ಪ್ರತಿಯ ಸಂಖ್ಯೆಗಳನ್ನು ನೋಡಿ ಪ್ರತಿ ಭಾಗದ ತಲೆಯ ಮೇಲೆ ಮೆತ್ತನೆಯ ಪೆನ್ಸಿಲ್‌ನಿಂದ ಬರೆದುಕೊಳ್ಳಿ, ಬಾರ್ ಸಂಖ್ಯೆ ಮುದ್ರಿಸಿಲ್ಲದಿದ್ದರೆ ಪ್ರತಿ ಸಾಲಿನ ಮೊದಲಲ್ಲಿ ಅದನ್ನೂ ಹಾಕಿಕೊಳ್ಳಿ. ಬಾಡಿಗೆಗೆ ತಂದ ಪ್ರತಿಯಾದರೆ ಹಿಂದಿನವರು ಬರೆದ ಉಸಿರಿನ ಗುರುತುಗಳನ್ನು ಮೊದಲು ಅಳಿಸಿ. ಅವು ಬೇರೆ ಯಾವುದೋ ಕಂಡಕ್ಟರರ ಲಯಕ್ಕೆ ಹೊಂದಿಸಿದವು.