ಡೈ ಬದಲಾಯಿತು, ಖಾಲಿ ಹೊಟ್ಟೆ ನಿಯಮ ಉಳಿಯಿತು

ಕಾಂಟ್ರಾಸ್ಟ್, ಅಂದರೆ ಚಿತ್ರ ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ಡೈ, ಹಾಕಿ ಸಿಟಿ ಸ್ಕ್ಯಾನ್ ಅಂದರೆ ಸಾಕು, ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುತ್ತಾರೆ. ಒಂದು ಕಡೆ ನಾಲ್ಕು ಗಂಟೆ, ಇನ್ನೊಂದು ಕಡೆ ಆರು, ಮತ್ತೊಂದು ಕಡೆ ತಿಂದೇ ಬನ್ನಿ. ಕಾರಣ ಕೇಳಿದರೆ ವಾಂತಿಯ ಭಯ. ಆ ಭಯ ಸುಳ್ಳೇನಲ್ಲ, ಆದರೆ ಹಳೆಯದು.

1895ರಲ್ಲಿ ಎಕ್ಸ್-ರೇ ಸಿಕ್ಕಿತು, 1920ರ ದಶಕದಲ್ಲಿ ಅಯೋಡಿನ್ ಇದ್ದರೆ ಮೂತ್ರಕೋಶವೂ ಚಿತ್ರದಲ್ಲಿ ಕಾಣುತ್ತದೆ ಅಂತ ಗೊತ್ತಾಯಿತು, 1950ರ ದಶಕದಲ್ಲಿ ಮೂರು ಅಯೋಡಿನ್ ಪರಮಾಣು ಹೊತ್ತ ಡೈಗಳು ಬಂದವು.

ಗೋಳು ಶುರುವಾಗಿದ್ದು ಇವುಗಳಿಂದ. ಈ ಡೈ ನೀರಿನಲ್ಲಿ ಎರಡು ತುಂಡಾಗುತ್ತಿತ್ತು. ಚಿತ್ರಕ್ಕೆ ಬೇಕಾದ ಅಯೋಡಿನ್ ಒಂದರಲ್ಲಿ ಮಾತ್ರ, ಇನ್ನೊಂದು ಸುಮ್ನೆ ಜೊತೆಗೆ ಬಂದಿದ್ದು. ಹೀಗೆ ಕಣಗಳು ಜಾಸ್ತಿಯಾಗಿ ದ್ರವ ರಕ್ತಕ್ಕಿಂತ ಐದು ಪಟ್ಟಿಗೂ ಮೀರಿ ಗಾಢವಾಗಿರುತ್ತಿತ್ತು. ರಕ್ತನಾಳಕ್ಕೆ ಹೋದ ಕೂಡಲೇ ಸುತ್ತಲಿನ ನೀರನ್ನು ಎಳೆದುಕೊಳ್ಳುತ್ತಿತ್ತು, ಮೈಯೆಲ್ಲ ಬಿಸಿ, ಹೊಟ್ಟೆ ತೊಳಸು, ಕೆಲವರಿಗೆ ವಾಂತಿ. ಅಂಗಾತ ಮಲಗಿದವರು ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದಲ್ವಾ? ಅದಕ್ಕೇ ಉಪವಾಸ. ಆಗಿನ ಮಟ್ಟಿಗೆ ಸರಿಯಾದ ಎಚ್ಚರಿಕೆಯೇ.

ಸ್ವೀಡನ್ನಿನ ರೇಡಿಯಾಲಜಿ ವೈದ್ಯ ಟಾರ್ಸ್ಟೆನ್ ಆಲ್ಮೆನ್ 1960ರ ದಶಕದ ಕೊನೆಯಲ್ಲಿ, ತುಂಡಾಗದ ಡೈ ಮಾಡಿದರೆ ಹೇಗೆ ಅಂತ ಯೋಚಿಸಿದರು. 1980ರ ದಶಕದಲ್ಲಿ ಅಯೋಹೆಕ್ಸಾಲ್, ಅಯೋಪಮಿಡಾಲ್ ಎಂಬ ಅಂಥ ಡೈಗಳು ಬಳಕೆಗೆ ಬಂದವು. ದುಬಾರಿ ಅನ್ನುವ ಕಾರಣಕ್ಕೆ ಹಳೆಯದೂ ಬಹಳ ಕಾಲ ಜೊತೆಗೇ ನಡೆಯಿತು. 1990ರಲ್ಲಿ ಜಪಾನಿನಿಂದ ಮೂರು ಲಕ್ಷಕ್ಕೂ ಹೆಚ್ಚು ಸಲ ಡೈ ಕೊಟ್ಟ ಲೆಕ್ಕ ಹೊರಬಂತು: ವಾಕರಿಕೆ ಹಳೆಯ ಡೈನಲ್ಲಿ ಶೇ. 4.58, ಹೊಸದರಲ್ಲಿ ಶೇ. 1.04. ವಾಂತಿ ಶೇ. 1.84ರಿಂದ ಶೇ. 0.45ಕ್ಕೆ ಇಳಿದಿತ್ತು.

ಅಲ್ಲಿಗೆ ಉಪವಾಸದ ಕಾರಣ ಬಹುಪಾಲು ಕರಗಿತು. ನಿಯಮ ಮಾತ್ರ ಒಂದು ಚೀಟಿಯಿಂದ ಇನ್ನೊಂದು ಚೀಟಿಗೆ ನಕಲಾಗುತ್ತಾ ಬಂತು. ಯುರೋಪಿನ ರೇಡಿಯಾಲಜಿ ತಜ್ಞರ ಮಾರ್ಗಸೂಚಿ 2018ರಲ್ಲಿ ಹೊಸ ಡೈಗೆ ಉಪವಾಸ ಬೇಡ ಅಂತಲೇ ಹೇಳಿತು. ಆದರೂ ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಹಸಿದು ಸಾಲಿನಲ್ಲಿ ಕೂರುವುದು ತಪ್ಪಿಲ್ಲ. ನೀರೂ ಕುಡಿಯದೆ ಬರುವವರಿದ್ದಾರೆ, ಅದು ಮೂತ್ರಪಿಂಡಕ್ಕೆ ಒಳ್ಳೆಯದಲ್ಲ.

ಇನ್ನೊಂದು ಗೊಂದಲವೂ ಇದೆ. ಡೈ ಹೋದಾಗ ಸ್ವಲ್ಪ ಹೊತ್ತು ವಾಕರಿಕೆ ಬಂದು ಹೋದರೆ, ಸಾಮಾನ್ಯವಾಗಿ ಅದು ಅಲರ್ಜಿ ಅಲ್ಲ. ಮೈಮೇಲೆ ದದ್ದು, ಉಸಿರಾಟದ ತೊಂದರೆ ಬೇರೆ ಮಾತು, ಅವನ್ನು ಮುಂದಿನ ಸ್ಕ್ಯಾನ್‌ಗೆ ಮೊದಲು ಹೇಳಲೇಬೇಕು. ಎರಡನ್ನೂ ಫೈಲಿನಲ್ಲಿ 'ಅಲರ್ಜಿ' ಅಂತ ಒಟ್ಟಿಗೆ ಬರೆದುಬಿಟ್ಟರೆ, ಆಮೇಲೆ ಬೇಕಾದ ಸ್ಕ್ಯಾನೂ ಮುಂದಕ್ಕೆ ಹೋಗುತ್ತದೆ.

ಮಂಪರಿನ ಔಷಧಿ ಕೊಡುವುದಿದ್ದರೆ, ಹೊಟ್ಟೆಯ ಕೆಲವು ಸ್ಕ್ಯಾನ್‌ಗಳಿದ್ದರೆ ಇವತ್ತಿಗೂ ಖಾಲಿ ಹೊಟ್ಟೆ ಬೇಕು. ಹಾಗಾಗಿ ನೀವೇ ತಿಂದುಕೊಂಡು ಹೋಗಬೇಡಿ. ಸಮಯ ಬರೆಸುವಾಗ, ಉಪವಾಸ ಡೈಗೋಸ್ಕರವಾ ಬೇರೆ ಕಾರಣಕ್ಕಾ, ನೀರು ಕುಡಿಯಬಹುದಾ ಅಂತ ಕೇಳಿ.