ಮನೆಯೋ, ಗಾಡಿಯೋ? ಪುಟ್ಟ ಮನೆಗಳ ಗೋಜಲು ಶುರುವಾಗಿದ್ದು ಹೀಗೆ

ವ್ಯಾನಿನ ಹಿಂಬದಿಯಲ್ಲಿ ಹಾಸಿಗೆ, ಮಡಚುವ ಮೇಜು, ಅಂಗೈಯಗಲದ ಸಿಂಕು, ನೆತ್ತಿಯ ಮೇಲೆ ಸೋಲಾರ್ ಹಲಗೆ. ಇಲ್ಲವೇ ಟ್ರೇಲರ್ ಮೇಲೆ ಕಟ್ಟಿದ ಮರದ ಮನೆ, ಮಲಗಲು ಅಟ್ಟ. ಇಂಥ ವಿಡಿಯೊಗಳನ್ನು ನಾವೆಲ್ಲ ನೋಡಿದ್ದೇವೆ, ಕಟ್ಟಿದವರ ಜಾಣತನಕ್ಕೆ ತಲೆದೂಗಿದ್ದೇವೆ. ವಿಡಿಯೊದಲ್ಲಿ ಸಾಮಾನ್ಯವಾಗಿ ಹೇಳದೇ ಉಳಿಯುವ ಮಾತು ಒಂದಿದೆ: ಕಟ್ಟಿದ್ದಾಯ್ತು, ನಿಲ್ಲಿಸೋದೆಲ್ಲಿ? ಅಮೆರಿಕದಂಥ ಕಡೆ ಒಂದು ಊರು ಅದನ್ನು ಗಾಡಿ ಅನ್ನುತ್ತದೆ, ಪಕ್ಕದ ಊರು ಮನೆ ಅನ್ನುತ್ತದೆ, ಮೂರನೆಯದು ಎರಡೂ ಅಲ್ಲ ಅನ್ನುತ್ತದೆ. ಪ್ರತಿ ವರ್ಷ ಹೊಸ ನಿಯಮ, ಹೊಸ ತೀರ್ಪು. ಇದೆಲ್ಲ ಎಲ್ಲಿಂದ ಬಂತು ಅಂತ ತಿಳಿಯದಿದ್ದರೆ ಈಗಿನ ಜಗಳದ ತಲೆಬುಡ ಅರ್ಥವಾಗುವುದಿಲ್ಲ.

ಗಾಲಿ ಮೇಲಿನ ಬದುಕು ಹಳೆಯದು. 19ನೇ ಶತಮಾನದ ಬ್ರಿಟನ್ನಿನಲ್ಲಿ ರೊಮಾನಿ ಎಂಬ ಅಲೆಮಾರಿ ಜನ ಕುದುರೆ ಎಳೆಯುವ ಬಂಡಿಗಳಲ್ಲಿ ಸಂಸಾರ ಮಾಡುತ್ತಿದ್ದರು. ಒಳಗೆ ಒಲೆ, ಮಂಚ, ಕೆತ್ತನೆಯ ಕಪಾಟು ಎಲ್ಲ ಇರುತ್ತಿತ್ತು. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ಮಾಜಿ ವೈದ್ಯ ಬರೀ ಸುತ್ತಾಟಕ್ಕೆಂದೇ ಅಂಥದ್ದೊಂದು ಬಂಡಿ ಮಾಡಿಸಿಕೊಂಡ. ಅದಕ್ಕೆ 'ವಾಂಡರರ್' ಅಂತ ಹೆಸರಿಟ್ಟು ದೇಶ ಸುತ್ತಿದ. ಬಂಡಿಯಲ್ಲೇ ಬದುಕುವವರನ್ನು ಜನ ಅನುಮಾನದಿಂದ ನೋಡುತ್ತಿದ್ದ ಕಾಲವದು. ಬಂಡಿಯಲ್ಲಿ ವಿಹಾರ ಮಾಡುವವನಿಗೆ ಮಾತ್ರ ಮರ್ಯಾದೆ ಸಿಕ್ಕಿತು. ಈ ಎರಡು ಕಣ್ಣಿನ ನೋಟ ಇವತ್ತಿಗೂ ಹೋಗಿಲ್ಲ.

ಪುಟ್ಟ ಮನೆಯ ವಿಷಯಕ್ಕೆ ಬಂದರೆ, ನನಗೆ ಎಲ್ಲಕ್ಕಿಂತ ಇಷ್ಟವಾಗುವುದು 1906ರ ಕತೆ. ಆ ವರ್ಷ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭೂಕಂಪವಾಯಿತು. ಬೆನ್ನಿಗೇ ಬೆಂಕಿ ಹೊತ್ತಿ ಊರು ಸುಟ್ಟಿತು. ಎರಡು ಲಕ್ಷಕ್ಕೂ ಹೆಚ್ಚು ಜನರಿಗೆ ಸೂರಿಲ್ಲದಂತಾಯಿತು. ಎಷ್ಟು ದಿನ ಅಂತ ಡೇರೆಗಳಲ್ಲಿ ಇರಲಾದೀತು? ಪಾರ್ಕುಗಳಲ್ಲಿ ಸಾಲಾಗಿ 5,610 ಮರದ ಪುಟ್ಟ ಮನೆಗಳನ್ನು ಕಟ್ಟಿದರು. ಚಿಕ್ಕವು 10 ಅಡಿಗೆ 14 ಅಡಿ. ಹೊರಗೋಡೆಗೆಲ್ಲ ಪಾರ್ಕಿನ ಬೆಂಚಿಗೆ ಬಳಿಯುವ ಹಸಿರು ಬಣ್ಣ. ತಿಂಗಳಿಗೆ ಎರಡು ಡಾಲರ್ ಕೊಟ್ಟರೆ ಅದು ಬಾಡಿಗೆಯೂ ಹೌದು, ಮನೆ ಕೊಳ್ಳುವ ಕಂತೂ ಹೌದು. ಮುಂದೆ ಪಾರ್ಕು ಖಾಲಿ ಮಾಡಬೇಕಾದಾಗ ಜನ ಮನೆಯನ್ನೇ ಎಬ್ಬಿಸಿ, ಕುದುರೆ ಗಾಡಿಗೆ ಹೇರಿಕೊಂಡು ಹೊರಟರು. ಊರಿನ ಅಂಚಿನಲ್ಲಿ ಸಿಕ್ಕ ನಿವೇಶನದಲ್ಲಿ ಇಳಿಸಿದರು. ಕೆಲವರು ಎರಡು ಮೂರು ಮನೆ ಜೋಡಿಸಿ ಒಂದು ಮಾಡಿಕೊಂಡರು. ಅವುಗಳಲ್ಲಿ ಕೆಲವು ಈಗಲೂ ನಿಂತಿವೆ. 140 ಚದರ ಅಡಿಯ ಮನೆಯನ್ನು ಬಾಳುವ ಮನೆ ಅಂತ ಒಪ್ಪಿಕೊಂಡಿದ್ದ ಕಾಲ ಒಂದಿತ್ತು. ಈ ಚರ್ಚೆಯಲ್ಲಿ ಅದನ್ನು ಮರೆಯಬಾರದು ಅಲ್ವಾ?

ಆಮೇಲೆ ಕಾರು ಬಂತು, ಕಾರಿನ ಬೆನ್ನಿಗೆ ಟ್ರೇಲರ್ ಬಂತು, 1930ರ ದಶಕದ ಕಷ್ಟಕಾಲದಲ್ಲಿ ಕೆಲಸ ಹುಡುಕಿ ಹೊರಟ ಎಷ್ಟೋ ಸಂಸಾರಗಳಿಗೆ ಆ ಟ್ರೇಲರೇ ಮನೆಯಾಯಿತು, 1950ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನ್ ತಯಾರಾಗಿ ಮರುವರ್ಷವೇ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಮಂಚ, ಕಪಾಟು ಕೂರಿಸಿತು. ಗಾಡಿಯೊಳಗೆ ಮನೆ ಮಾಡುವುದು ಆ ಹೊತ್ತಿಗೆ ಮಾಮೂಲಾಗಿತ್ತು.

ಗೋಜಲಿನ ಬೇರು ಇರುವುದು 1976ರಲ್ಲಿ. ಅಮೆರಿಕದಲ್ಲಿ ಆಗ ಲಕ್ಷಾಂತರ ಜನ ಟ್ರೇಲರ್ ಮನೆಗಳಲ್ಲಿದ್ದರು. ಅವುಗಳ ವೈರಿಂಗ್, ಬೆಂಕಿಯ ಅಪಾಯ, ಗಾಳಿಗೆ ಮಗುಚುವ ಭಯ ನಿಜವಾದ ಸಮಸ್ಯೆಗಳೇ. ಹಾಗಾಗಿ ಕೇಂದ್ರದ ವಸತಿ ಇಲಾಖೆ ಜೂನ್ 15ರಿಂದ ದೇಶಕ್ಕೆಲ್ಲ ಒಂದೇ ಗುಣಮಟ್ಟ ತಂದಿತು. ಒಳ್ಳೆಯ ಕೆಲಸ. ಆದರೆ ಅದರ ಜೊತೆಗೇ ಒಂದು ಗೆರೆ ಬಿತ್ತು. ಕಾರ್ಖಾನೆಯಲ್ಲಿ ತಯಾರಾಗಿ, ಗೊತ್ತುಪಡಿಸಿದ ಅಳತೆ ಮುಟ್ಟಿದರೆ ಅದು ವಾಸದ ಮನೆ. ರಜೆಯಲ್ಲಿ ಸುತ್ತಲು ಮಾಡಿದ್ದಾದರೆ ಅದು ವಿಹಾರದ ಗಾಡಿ, ಕಾಯಂ ವಾಸಕ್ಕೆ ಮಾಡಿದ್ದಲ್ಲ. ಗಾಲಿಯೂ ಇದೆ, ಚಿಕ್ಕದೂ ಹೌದು, ವರ್ಷಪೂರ್ತಿ ಅದರಲ್ಲೇ ಇರುತ್ತೇನೆ ಅನ್ನುವವರಿಗೆ ಯಾವ ಖಾನೆಯೂ ಇರಲಿಲ್ಲ. ಬೇಕಂತಲೇ ಬಿಟ್ಟಿದ್ದಲ್ಲ. ಅಂಥವರು ಬರುತ್ತಾರೆ ಅಂತ ಆಗ ಯಾರೂ ಎಣಿಸಿರಲಿಲ್ಲ.

ಅಂಥವರು ಬಂದರು. ಜೇ ಶೇಫರ್ ಎಂಬಾತ 1999ರಲ್ಲಿ ಅಯೋವಾದಲ್ಲಿ ನೂರು ಚದರ ಅಡಿಯ ಆಸುಪಾಸಿನ ಮನೆಯೊಂದನ್ನು ಟ್ರೇಲರ್ ಮೇಲೆ ಕಟ್ಟಿದ. ನೋಡಲು ಥೇಟ್ ಮನೆಯೇ: ಇಳಿಜಾರು ಮಾಡು, ಮುಂದೆ ಸಣ್ಣ ಜಗಲಿ, ಗೋಡೆಗೆ ಮರದ ಹಲಗೆ. ಗಾಲಿ ಯಾಕೆ? ಊರೂರು ಸುತ್ತಲಿಕ್ಕಲ್ಲ. ರಾಜ್ಯಗಳೂ ಊರುಗಳೂ ಆಧಾರವಾಗಿಟ್ಟುಕೊಳ್ಳುವ ಆಗಿನ ಮಾದರಿ ಕಟ್ಟಡ ನಿಯಮದ ಪ್ರಕಾರ ಮನೆಯಲ್ಲಿ ಒಂದು ಕೋಣೆಯಾದರೂ 120 ಚದರ ಅಡಿ ಇರಬೇಕು, ಚಾವಣಿ ಏಳು ಅಡಿ ಎತ್ತರ ಇರಬೇಕು. ಆತನ ಇಡೀ ಮನೆಯೇ ಅಷ್ಟಿರಲಿಲ್ಲ. ಗಾಲಿ ಹಾಕಿದರೆ ಅದು ಕಟ್ಟಡವಲ್ಲ, ಗಾಡಿ. ಕಟ್ಟಡದ ನಿಯಮ ತಟ್ಟುವುದಿಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಗಾಲಿ ಹಾಕಿದ ಮೇಲೆ ಮನೆಯ ಆಕಾರವನ್ನು ತೀರ್ಮಾನಿಸಿದ್ದು ರಸ್ತೆ. ಅಲ್ಲಿನ ರಸ್ತೆಯಲ್ಲಿ ವಿಶೇಷ ಪರವಾನಗಿ ಇಲ್ಲದೆ ಎಂಟೂವರೆ ಅಡಿಗಿಂತ ಅಗಲದ್ದನ್ನು ಎಳೆಯುವಂತಿಲ್ಲ. ಎತ್ತರ ಹೆಚ್ಚಿನ ರಾಜ್ಯಗಳಲ್ಲಿ ಹದಿಮೂರೂವರೆ ಅಡಿ. ಗಾಲಿ ಮೇಲಿನ ಪುಟ್ಟ ಮನೆಗಳೆಲ್ಲ ರೈಲು ಡಬ್ಬಿಯ ಹಾಗೆ ಸಪೂರವಾಗಿ ಕಾಣುವುದು ಇದಕ್ಕೇ. ಅಡ್ಡಕ್ಕೆ ಹಿಗ್ಗಲು ಜಾಗವಿಲ್ಲ, ಹಾಗಾಗಿ ಹಾಸಿಗೆ ಅಟ್ಟಕ್ಕೆ ಹೋಯಿತು. ಅಟ್ಟದಲ್ಲಿ ಎದ್ದು ಕೂತರೆ ತಲೆ ಮಾಡಿಗೆ ತಾಗುತ್ತದೆ. ತೂಕದ್ದೂ ಇದೇ ಕತೆ. ಹೆಚ್ಚುಕಮ್ಮಿ ನೂರಕ್ಕೆ ಅರವತ್ತು ಪಾಲು ಭಾರ ಗಾಲಿಯ ಅಚ್ಚಿನ ಮುಂದೆ ಬರಬೇಕು, ಇಲ್ಲದಿದ್ದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸುತ್ತದೆ. ಅಡುಗೆ ಕಟ್ಟೆ ಎಲ್ಲಿ, ನೀರಿನ ಟ್ಯಾಂಕ್ ಎಲ್ಲಿ ಅನ್ನುವುದನ್ನೂ ಮನೆಯವರಿಗಿಂತ ಮೊದಲು ಅಚ್ಚು ಹೇಳುತ್ತದೆ. ಇಷ್ಟೆಲ್ಲ ಒದ್ದಾಡಿ ಕಟ್ಟಿದ ಎಷ್ಟೋ ಮನೆಗಳು ಆಮೇಲೆ ಜಾಗ ಬಿಟ್ಟು ಕದಲುವುದೇ ಇಲ್ಲ. ನೆಲದ ಮೇಲೆ ಚಿಕ್ಕದಾಗಿ ಕಟ್ಟಲು ಬಿಟ್ಟಿದ್ದರೆ ಈ ಗಾಲಿಗಳು ಬೇಕಾಗುತ್ತಲೇ ಇರಲಿಲ್ಲ ಅಂತ ನನಗೆ ಅನಿಸುತ್ತದೆ.

2005ರ ಕತ್ರಿನಾ ಚಂಡಮಾರುತದ ನಂತರ ಮೇರಿಯಾನ್ ಕ್ಯುಸಾಟೊ ಎಂಬ ವಿನ್ಯಾಸಕಿ 308 ಚದರ ಅಡಿಯ ಮನೆಯೊಂದನ್ನು ರೂಪಿಸಿದರು. ತುರ್ತು ಟ್ರೇಲರ್‌ಗಳ ಬದಲು ಗೌರವದಿಂದ ಬಾಳಬಹುದಾದ ಮನೆ ಕೊಡೋಣ ಅನ್ನುವುದು ಅವರ ಆಸೆ. 2008ರಲ್ಲಿ ಸಾಲದ ಮನೆಗಳು ಕೈತಪ್ಪಿದಾಗ ಪುಟ್ಟ ಮನೆಯ ಮಾತು ಮನೆಮಾತಾಯಿತು. 2014ರಲ್ಲಿ ಟೆಕ್ಸಸ್‌ನ ಸ್ಪರ್ ಎಂಬ ಚಿಕ್ಕ ಊರು, ಜನ ಕಡಿಮೆಯಾಗುತ್ತಿದ್ದ ಕಾಲದಲ್ಲಿ, ಪುಟ್ಟ ಮನೆಯವರಿಗೆ ಸ್ವಾಗತ ಅಂತ ಬಾಗಿಲು ತೆರೆಯಿತು.

ಕೊನೆಗೆ ನಿಯಮದ ಪುಸ್ತಕವೂ ಬಗ್ಗಿತು. 2018ರ ಮಾದರಿ ವಸತಿ ನಿಯಮದಲ್ಲಿ 'ಅನುಬಂಧ ಕ್ಯೂ' ಸೇರಿತು. 400 ಚದರ ಅಡಿಯೊಳಗಿನ ಮನೆಗೆ ಚಾವಣಿ 6 ಅಡಿ 8 ಇಂಚು ಸಾಕು, ಬಚ್ಚಲಿಗೂ ಅಡುಗೆಮನೆಗೂ ಇನ್ನೂ ನಾಲ್ಕು ಇಂಚು ಕಡಿಮೆ ಇದ್ದರೂ ಆದೀತು. 35 ಚದರ ಅಡಿಯ ಅಟ್ಟವೂ ಮಲಗುವ ಜಾಗವೇ. ಏಣಿಯೂ ಮೆಟ್ಟಿಲಿನ ಲೆಕ್ಕಕ್ಕೆ ಸೇರಿತು. ಆದರೆ ಇದು ಅಡಿಪಾಯದ ಮೇಲಿನ ಮನೆಗೆ ಮಾತ್ರ. ಗಾಲಿ ಇದ್ದರೆ ಅನ್ವಯಿಸದು. ಅಲ್ಲದೆ ಅನುಬಂಧ ಅಂದರೆ ರಾಜ್ಯವೋ ಊರೋ ಒಪ್ಪಿಕೊಂಡರಷ್ಟೇ ಜಾರಿ. ಹಳೆಯ ನಿಯಮದಿಂದ ತಪ್ಪಿಸಿಕೊಳ್ಳಲು ಗಾಲಿ ಹಾಕಿದವರು, ಹೊಸ ನಿಯಮ ಬಂದಾಗ ಅದೇ ಗಾಲಿಯಿಂದಾಗಿ ಹೊರಗುಳಿದರು.

ಅತ್ತ ವ್ಯಾನಿನವರ ದಾರಿಯೇ ಬೇರೆ. ಅವರಿಗೆ ಅದು ಗಾಡಿಯೋ ಅಲ್ಲವೋ ಅನ್ನುವ ಅನುಮಾನವಿಲ್ಲ. ಅದರೊಳಗೆ ಮಲಗಬಹುದೋ ಬಾರದೋ ಅನ್ನುವುದೇ ಪ್ರಶ್ನೆ. ಲಿಥಿಯಂ ಬ್ಯಾಟರಿ ಬಂದ ಮೇಲೆ ಫ್ರಿಜ್, ಫ್ಯಾನ್, ಲ್ಯಾಪ್‌ಟಾಪ್ ಎಲ್ಲ ಗಾಡಿಯೊಳಗೇ ನಡೆಯುತ್ತದೆ. ಹಾಗಂತ ಸುಲಭವೇನಲ್ಲ. ಚಳಿಯ ರಾತ್ರಿ ಇಬ್ಬರು ಬಾಗಿಲು ಮುಚ್ಚಿ ಮಲಗಿದರೆ ಬೆಳಿಗ್ಗೆ ಕಿಟಕಿ ತುಂಬಾ ನೀರ ಹನಿ. ಉಸಿರಿನ ತೇವ ತಣ್ಣಗಿನ ತಗಡಿಗೆ ತಾಗಿ ನೀರಾಗುತ್ತದೆ. ಹಲಗೆಯ ಹಿಂದೆ ಇಳಿದ ನೀರು ಕಣ್ಣಿಗೆ ಕಾಣದೆ ತುಕ್ಕು ಹಿಡಿಸುತ್ತದೆ. ಅದಕ್ಕೇ ಅನುಭವಸ್ಥರು ಮಂಚಕ್ಕಿಂತ ಮೊದಲು ಮೇಲ್ಗಡೆ ಗಾಳಿ ಎಳೆಯುವ ಫ್ಯಾನ್ ಕೂರಿಸುತ್ತಾರೆ. ಹಳೆಯ ಶಾಲಾ ಬಸ್ಸನ್ನು ಮನೆ ಮಾಡುವವರು ಮೊದಲ ಕೆಲವು ದಿನ ಸೀಟಿನ ಬೋಲ್ಟುಗಳನ್ನು ಕತ್ತರಿಸುವುದರಲ್ಲೇ ಕಳೆಯುತ್ತಾರೆ. ನೆಲದ ರಬ್ಬರ್ ಎತ್ತಿದಾಗ ಕೆಳಗೆ ತುಕ್ಕು ಜಾಸ್ತಿ ಇಲ್ಲದಿದ್ದರೆ ಪುಣ್ಯ.

ಕಾನೂನು ಇವರನ್ನು ಒಂದೊಂದು ಕಡೆ ಒಂದೊಂದು ಥರ ನೋಡಿತು. ಲಾಸ್ ಏಂಜಲೀಸ್ ನಗರ 1983ರಲ್ಲಿ ಗಾಡಿಯಲ್ಲಿ ವಾಸ ಮಾಡುವುದನ್ನು ನಿಷೇಧಿಸಿತ್ತು. ಏನು ಮಾಡಿದರೆ ವಾಸ ಅನ್ನುವುದೇ ಅಸ್ಪಷ್ಟ ಅಂತ 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಹತ್ತು ವರ್ಷದ ನಂತರ, 2024ರ ಜೂನ್‌ನಲ್ಲಿ, ಸಾರ್ವಜನಿಕ ಜಾಗದಲ್ಲಿ ಬಿಡಾರ ಹೂಡಿ ಮಲಗುವುದಕ್ಕೆ ಊರುಗಳು ದಂಡ ಹಾಕಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಬ್ರಿಟನ್ನಿನಲ್ಲಿ 2019ರಿಂದ, ಒಳಗೆ ಎಷ್ಟೇ ಚೆನ್ನಾಗಿ ಮನೆ ಮಾಡಿದ್ದರೂ ಹೊರಗಿನಿಂದ ನೋಡಲು ಕ್ಯಾಂಪರ್ (ಮಲಗುವ ಅನುಕೂಲವಿರುವ ಪ್ರವಾಸದ ಗಾಡಿ) ಹಾಗೆ ಕಾಣದ ವ್ಯಾನಿಗೆ ದಾಖಲೆಯಲ್ಲಿ ಆ ಹೆಸರು ಸಿಗುವುದು ಕಷ್ಟವಾಯಿತು. ನ್ಯೂಜಿಲೆಂಡ್ 2023ರಲ್ಲಿ, ನೀರು, ಶೌಚದ ವ್ಯವಸ್ಥೆ ತನ್ನಲ್ಲೇ ಇರುವ ಸ್ವಾವಲಂಬಿ ಗಾಡಿ ಅನ್ನಿಸಿಕೊಳ್ಳಲು ಶೌಚಾಲಯ ಗಾಡಿಗೇ ಭದ್ರವಾಗಿ ಕೂರಿಸಿರಬೇಕು ಅಂದಿತು. ರಸ್ತೆಬದಿ ಗಲೀಜಾಗುವ ಊರಿನವರ ಸಂಕಟವೂ ಸುಳ್ಳಲ್ಲ. ಆದರೆ ಎಷ್ಟೋ ಕಡೆ ರಜೆಗೆ ಬಂದವರಿಗೂ, ಬಾಡಿಗೆ ಕಟ್ಟಲಾಗದೆ ಗಾಡಿ ಸೇರಿದವರಿಗೂ ಒಂದೇ ನಿಯಮ. ಮೊದಲಿನವರಿಗೆ ವಾಪಸ್ ಹೋಗಲು ಮನೆ ಇದೆ. ಎರಡನೆಯವರಿಗೆ ಇರುವುದು ಅದೊಂದೇ.

ಸದ್ಯಕ್ಕೆ ಅಮೆರಿಕದಲ್ಲಿ ಕೆಲವರು ಗಾಲಿ ಬಿಚ್ಚಿ, ಮನೆಯನ್ನು ಅಡಿಪಾಯಕ್ಕೆ ಇಳಿಸಿ, ಹೊಸ ಅನುಬಂಧದಡಿ ಅರ್ಜಿ ಹಾಕುತ್ತಿದ್ದಾರೆ. ಕೆಲವರು ಪರಿಚಯದವರ ಹಿತ್ತಲಿನಲ್ಲಿ, ಅಕ್ಕಪಕ್ಕದವರು ದೂರು ಕೊಡದಿರಲಿ ಅಂತ ಅಂದುಕೊಂಡು ಇದ್ದಾರೆ. ಇನ್ನು ಕೆಲವರು ಪಶ್ಚಿಮದ ಮರುಭೂಮಿಯ ಸರ್ಕಾರಿ ಜಮೀನಿನಲ್ಲಿದ್ದಾರೆ. ಅಲ್ಲಿ ಸಾಮಾನ್ಯವಾಗಿ ಒಂದು ಜಾಗದಲ್ಲಿ 14 ದಿನ ಇರಬಹುದು. ಹದಿನಾಲ್ಕನೆಯ ದಿನ ಬಂದಾಗ ನೆರಳಿನ ಬಟ್ಟೆ ಸುತ್ತಿ, ಚಕ್ರಕ್ಕೆ ಕೊಟ್ಟ ಮರದ ತುಂಡು ತೆಗೆದು, ಪಾತ್ರೆ ಅಲ್ಲಾಡದಂತೆ ಕಪಾಟಿನ ಚಿಲಕ ಹಾಕಿ, ಅವರು ಮುಂದಿನ ಜಾಗಕ್ಕೆ ಹೊರಡುತ್ತಾರೆ.