ಎಳಸು ದಂಡು ನಡೆಯಲು ಹೊರಟಾಗ

ನಾನಿನ್ನೂ ಕ್ಯಾಪ್ಟನ್ ಆಗಿದ್ದಾಗಿನ ಮಾತು. ರಾತ್ರಿ ಎಕ್ಸರ್‌ಸೈಜ್. ಹತ್ತು ಗಂಟೆಗೆ ಇಡೀ ಬೆಟಾಲಿಯನ್ ಹೊರಡಬೇಕಿತ್ತು. ನನ್ನ ಕಂಪನಿ ಸಾಲಿನ ಕೊನೆಯಲ್ಲಿತ್ತು. ಹುಡುಗರು ಪಿಟ್ಠು ಹೆಗಲಿಗೇರಿಸಿ ನಿಂತರು. ಹತ್ತೂವರೆ ಆಯಿತು, ಹನ್ನೊಂದಾಯಿತು. ಹನ್ನೆರಡೂ ಕಾಲಾದರೂ ನಾವು ಒಂದು ಹೆಜ್ಜೆ ಇಟ್ಟಿರಲಿಲ್ಲ. ಮುಂದೆ ಒಂದು ಮೋರಿಯ ಹತ್ತಿರ ಒಂದೇ ಒಂದು ಗಾಡಿ ಸಿಕ್ಕಿಹಾಕಿಕೊಂಡಿತ್ತು, ಅಷ್ಟೇ. ಆಮೇಲೆ ಹೊರಟೆವು. ಹೊರಟ ಮೇಲೆ ಓಟ. ಬೆಳಗಾಗುವ ಮೊದಲು ಸೇರಬೇಕಿದ್ದ ಜಾಗ ಸೇರಿದಾಗ ಸೂರ್ಯ ಮೇಲೆ ಬಂದಿದ್ದ. ಶತ್ರುವಿನ ಪಾತ್ರ ಮಾಡುತ್ತಿದ್ದ ತುಕಡಿಯವರು ಚಹಾ ಕುಡಿಯುತ್ತಾ ನಮ್ಮನ್ನೇ ನೋಡುತ್ತಿದ್ದರು.

ನಾವು ತರಬೇತಿ ಪಡೆದ ಸೈನಿಕರು. ದಾರಿ ಗೊತ್ತಿತ್ತು, ನಕ್ಷೆ ಇತ್ತು, ವೈರ್‌ಲೆಸ್ ಇತ್ತು. ಆದರೂ ಹೀಗಾಯಿತು. ಆ ರಾತ್ರಿಯ ನಂತರ ಬುಲ್ ರನ್ ಕಾಳಗದ ಬಗ್ಗೆ ಓದುವಾಗೆಲ್ಲ ನನ್ನ ಕಣ್ಣು ಗುಡ್ಡದ ಮೇಲಿನ ಹೊಡೆದಾಟಕ್ಕಿಂತ ಮೊದಲು ಗಡಿಯಾರದ ಕಡೆ ಹೋಗುತ್ತದೆ.

ಬುಲ್ ರನ್ ಎಂದರೆ ಅಮೆರಿಕದ ವರ್ಜೀನಿಯಾದಲ್ಲಿರುವ ಒಂದು ಚಿಕ್ಕ ಹೊಳೆ. ಅಲ್ಲಿನ ಅಂತರ್ಯುದ್ಧದ ಮೊದಲ ದೊಡ್ಡ ಕಾಳಗ 1861ರ ಜುಲೈ 21ರಂದು, ಒಂದು ಭಾನುವಾರ, ಆ ಹೊಳೆಯ ಪಕ್ಕದಲ್ಲಿ ನಡೆಯಿತು. ಗುಲಾಮಗಿರಿಯನ್ನು ಬಿಡಲೊಪ್ಪದೆ ಒಕ್ಕೂಟದಿಂದ ಹೊರನಡೆದ ದಕ್ಷಿಣದ ರಾಜ್ಯಗಳು ಒಂದು ಕಡೆ, ವಾಷಿಂಗ್ಟನ್ ಸರ್ಕಾರದ ಉತ್ತರದ ಸೇನೆ ಇನ್ನೊಂದು ಕಡೆ. ಜನಬಲ, ಕಾರ್ಖಾನೆ, ದುಡ್ಡು ಎಲ್ಲದರಲ್ಲೂ ಉತ್ತರದವರೇ ಜಾಸ್ತಿ. ಸೋತವರೂ ಅವರೇ. ಸುಮ್ನೆ ಸೋಲಲಿಲ್ಲ, ತೋಪು ಬಿಟ್ಟು, ಚೀಲ ಬಿಸಾಡಿ ರಾಜಧಾನಿಯವರೆಗೆ ಓಡಿಹೋದರು.

ಅವರ ಸೇನಾಪತಿ ಇರ್ವಿನ್ ಮೆಕ್‌ಡೊವೆಲ್, 42 ವರ್ಷದವರು. ಕಾಗದಪತ್ರ, ಸರಬರಾಜಿನ ಕೆಲಸದಲ್ಲಿ ಪಳಗಿದವರು. ಯುದ್ಧಭೂಮಿಯಲ್ಲಿ ಪಡೆ ನಡೆಸಿದವರಲ್ಲ. ಅವರ ಕೈಗೆ ಸುಮಾರು 35,000 ಜನರನ್ನು ಕೊಟ್ಟರು. ಅದರಲ್ಲಿ ಬಹಳಷ್ಟು ಮಂದಿ ಏಪ್ರಿಲ್‌ನಲ್ಲಿ ಲಿಂಕನ್ ಕರೆ ಕೊಟ್ಟಾಗ 90 ದಿನಕ್ಕೆಂದು ಬಂದ ವಾಲಂಟಿಯರ್‌ಗಳು. ಜುಲೈ ಕೊನೆಗೆ ಅವರ ಲೆಕ್ಕ ಮುಗಿಯುತ್ತಿತ್ತು. ಪತ್ರಿಕೆಗಳು ದಕ್ಷಿಣದ ರಾಜಧಾನಿ ರಿಚ್ಮಂಡ್‌ಗೆ ನುಗ್ಗಿ ಎಂದು ಕೂಗುತ್ತಿದ್ದವು. ಇನ್ನಷ್ಟು ತರಬೇತಿಗೆ ಸಮಯ ಕೊಡಿ ಎಂದು ಮೆಕ್‌ಡೊವೆಲ್ ಕೇಳಿದರು. ಸಿಕ್ಕ ಉತ್ತರ ಪ್ರಸಿದ್ಧ, ಸಾಮಾನ್ಯವಾಗಿ ಅದನ್ನು ಲಿಂಕನ್ ಬಾಯಲ್ಲಿ ಹೇಳಿಸುತ್ತಾರೆ: ನೀವೂ ಎಳಸು ನಿಜ, ಆದರೆ ಅವರೂ ಎಳಸೇ, ಎಲ್ಲರೂ ಒಂದೇ.

ಕೇಳುವುದಕ್ಕೆ ಸರಿ ಅನ್ನಿಸುತ್ತದೆ, ಅಲ್ವಾ? ನನ್ನ ಪ್ರಕಾರ ಕಾಳಗ ಸೋತಿದ್ದು ಈ ಮಾತಿನಲ್ಲೇ. ಎಳಸು ಹುಡುಗನನ್ನು ಒಂದು ಬೇಲಿಯ ಹಿಂದೆ ನಿಲ್ಲಿಸಿ, ಬಂದವರಿಗೆ ಗುಂಡು ಹೊಡಿ ಎಂದರೆ ಹೊಡೆಯುತ್ತಾನೆ. ಅದೇ ಹುಡುಗನನ್ನು ಕತ್ತಲಲ್ಲಿ ಹದಿನೈದು ಕಿಲೋಮೀಟರ್ ನಡೆಸಿ, ಹೊಳೆ ದಾಟಿಸಿ, ಗುಡ್ಡದ ಕೆಳಗೆ ಸಾಲು ಕಟ್ಟಿಸಿ ಮೇಲೆ ಹತ್ತಿಸಬೇಕೆಂದರೆ ಅದು ಬೇರೆಯೇ ಕೆಲಸ. ಧೈರ್ಯದಿಂದ ಆಗುವಂಥದ್ದಲ್ಲ, ಅಭ್ಯಾಸದಿಂದ ಆಗುವಂಥದ್ದು. ಇಬ್ಬರೂ ಎಳಸಾಗಿದ್ದಾಗ, ಯಾರು ನಡೆಯಬೇಕೋ ಅವರಿಗೆ ನಷ್ಟ.

ಜುಲೈ 16ರ ಮಧ್ಯಾಹ್ನ ದಂಡು ಹೊರಟಿತು. ಸೆಂಟರ್‌ವಿಲ್ ಎಂಬ ಊರು ಸುಮಾರು 35 ಕಿಲೋಮೀಟರ್ ದೂರ. ಮುಟ್ಟಿದ್ದು 18ಕ್ಕೆ. ಉಣ್ಣೆ ಬಟ್ಟೆ, ಜುಲೈ ಬಿಸಿಲು, ಧೂಳು. ಹುಡುಗರು ಸಾಲು ಬಿಟ್ಟು ನೀರಿಗೆ ಹೋಗುತ್ತಿದ್ದರು, ದಾರಿ ಪಕ್ಕದ ಬ್ಲ್ಯಾಕ್‌ಬೆರಿ ಹಣ್ಣು ಕೀಳುತ್ತಿದ್ದರು. ಮೂರು ದಿನಕ್ಕೆಂದು ಕೊಟ್ಟ ರೇಷನ್ ಬೇಗ ಖಾಲಿಯಾಗಿತ್ತು. ಇದನ್ನು ಓದಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಹೊಸಬರ ಜೊತೆ ನಡೆದವರಿಗೆ ಗೊತ್ತು: ಬಾಟಲಿ ನೀರು ಮೊದಲ ಗಂಟೆಯಲ್ಲೇ ಮುಗಿಯುತ್ತದೆ, ಎರಡನೇ ಗಂಟೆಗೆ ಕಾಲಲ್ಲಿ ಬೊಬ್ಬೆ, ಮೂರನೇ ಗಂಟೆಗೆ ಚೀಲದಲ್ಲಿರುವುದೆಲ್ಲ ಬೇಡವಾದ ಭಾರ. ನೀರು ಯಾವಾಗ ಕುಡಿಯಬೇಕು, ಕಾಲುಚೀಲ ಯಾವಾಗ ಬದಲಿಸಬೇಕು ಎಂಬುದನ್ನೂ ಕಲಿಸಬೇಕು.

ಊಟದ ಗಾಡಿಗಳಿಗೆ ಕಾಯುತ್ತಾ, ಹೊಳೆ ದಾಟುವ ಜಾಗ ಹುಡುಕುತ್ತಾ ಮೆಕ್‌ಡೊವೆಲ್ 19 ಮತ್ತು 20ನ್ನು ಕಳೆದರು. ಆ ಎರಡು ದಿನದಲ್ಲಿ ಪಶ್ಚಿಮದ ಕಣಿವೆಯಲ್ಲಿ ಬೇರೆಯೇ ಆಟ ನಡೆಯಿತು. ಹೊಳೆಯ ಹಿಂದೆ ದಕ್ಷಿಣದ ಬೋರಿಗಾರ್ಡ್ ಬಳಿ ಇದ್ದದ್ದು 22,000ದ ಆಸುಪಾಸು. ಶೆನಂಡೋವಾ ಕಣಿವೆಯಲ್ಲಿ ಜೋಸೆಫ್ ಜಾನ್ಸ್‌ಟನ್ ಬಳಿ ಇನ್ನೂ ಹನ್ನೊಂದು ಹನ್ನೆರಡು ಸಾವಿರ. ಅವರನ್ನು ಅಲ್ಲೇ ಕಟ್ಟಿಹಾಕುವ ಕೆಲಸ ಉತ್ತರದ ಇನ್ನೊಬ್ಬ ಸೇನಾಪತಿ ರಾಬರ್ಟ್ ಪ್ಯಾಟರ್ಸನ್ ಅವರದು. 69 ವರ್ಷ, ಕೈಯಲ್ಲಿ ಸುಮಾರು 18,000 ಜನ. 17ರಂದು ಅವರು ಶತ್ರುವಿನಿಂದ ಇನ್ನಷ್ಟು ದೂರಕ್ಕೆ ಸರಿದುಬಿಟ್ಟರು. ಮಾರನೆಯ ದಿನ ಜಾನ್ಸ್‌ಟನ್ ಸದ್ದಿಲ್ಲದೆ ಹೊರಟರು. ಗುಡ್ಡ ದಾಟಿ ಪೀಡ್ಮಂಟ್ ಸ್ಟೇಷನ್‌ಗೆ ಬಂದರು, ಅಲ್ಲಿ ರೈಲು ಹತ್ತಿದರು. ಜಾನ್ಸ್‌ಟನ್ ಕೈಕೆಳಗಿನ ಜಾಕ್ಸನ್ ಅವರ ಬ್ರಿಗೇಡ್ 19ರ ಸಂಜೆಯೊಳಗೆ ಬುಲ್ ರನ್ ಹಿಂದಿನ ಮನಾಸಸ್ ಜಂಕ್ಷನ್‌ನಲ್ಲಿ ಇಳಿದಾಗಿತ್ತು. ಉಳಿದವರು ಒಂದೊಂದೇ ರೈಲಿನಲ್ಲಿ ಬರುತ್ತಲೇ ಇದ್ದರು.

ಜಾನ್ಸ್‌ಟನ್‌ ಅವರ ಹುಡುಗರೇನು ನಡಿಗೆಯಲ್ಲಿ ಹುಲಿಗಳಲ್ಲ. ಮೊದಲ ದಿನದ ನಡಿಗೆಯ ಆಮೆವೇಗ ನೋಡಿ ಜಾನ್ಸ್‌ಟನ್ ಅವರೇ ಬೇಸತ್ತಿದ್ದರು. ಕೊನೆಯ ಐವತ್ತು ಚಿಲ್ಲರೆ ಕಿಲೋಮೀಟರ್ ಅವರ ಬದಲು ಇಂಜಿನ್ ನಡೆಯಿತು.

20ರಂದು ಇನ್ನೊಂದು ಪ್ರಸಂಗ. ಪೆನ್ಸಿಲ್ವೇನಿಯಾದ ಒಂದು ರೆಜಿಮೆಂಟ್, ನ್ಯೂಯಾರ್ಕಿನ ಒಂದು ತೋಪಿನ ಪಡೆ, ಎರಡೂ ತಮ್ಮ 90 ದಿನ ಮುಗಿಯಿತು ಎಂದವು. ಉಳಿಯಿರಿ ಎಂದು ಕೇಳಿಕೊಂಡರೂ ಉಳಿಯಲಿಲ್ಲ. ಮಾರನೆಯ ದಿನ ಉಳಿದವರು ಯುದ್ಧಕ್ಕೆ ಹೋಗುತ್ತಿದ್ದರೆ ಇವರು ಮನೆ ಕಡೆ ನಡೆದರು, ಬೆನ್ನ ಹಿಂದೆ ತೋಪಿನ ಸದ್ದು ಕೇಳುತ್ತಾ.

ಮೆಕ್‌ಡೊವೆಲ್ ಯೋಜನೆ ಕೆಟ್ಟದ್ದಾಗಿರಲಿಲ್ಲ. ಕಲ್ಲಿನ ಸೇತುವೆಯ ಎದುರು ಟೈಲರ್ ಅವರ ಡಿವಿಷನ್ ಗದ್ದಲ ಮಾಡಿ ಶತ್ರುವಿನ ಗಮನ ಹಿಡಿಯಬೇಕು. ಅಷ್ಟರಲ್ಲಿ ಎರಡು ಡಿವಿಷನ್‌ಗಳು, ಹೆಚ್ಚುಕಡಿಮೆ 13,000 ಜನ, ಬಲಗಡೆ ಸುತ್ತಿ ಸಡ್ಲಿ ಬಳಿ ಹೊಳೆ ದಾಟಿ ಶತ್ರುವಿನ ಪಕ್ಕೆಗೆ ಬರಬೇಕು. ಬೆಳಗ್ಗೆ ಏಳಕ್ಕೆ ಅಲ್ಲಿರಬೇಕು. ನಮ್ಮ ಯಾವುದೇ ಕ್ಲಾಸಿನಲ್ಲಿ ಈ ನಕ್ಷೆ ಬರೆದರೆ ಒಳ್ಳೆ ಅಂಕ ಸಿಗುತ್ತದೆ.

ಈಗ ಒಂದು ಲೆಕ್ಕ ಮಾಡಿ. 13,000 ಜನ ನಾಲ್ಕು ನಾಲ್ಕು ಮಂದಿಯ ಸಾಲಿನಲ್ಲಿ ನಡೆದರೆ 3,250 ಸಾಲು. ಸಾಲಿಗೆ ಒಂದೂವರೆ ಮೀಟರ್ ಹಿಡಿದರೂ ಐದು ಕಿಲೋಮೀಟರ್ ಉದ್ದ, ತೋಪು, ಕುದುರೆ ಬಿಟ್ಟು. ತಲೆ ಒಂದು ಜಾಗ ದಾಟಿದ ಮೇಲೆ ಬಾಲ ಅದೇ ಜಾಗ ದಾಟಲು, ಹಗಲಲ್ಲಿ, ಒಳ್ಳೆ ರಸ್ತೆಯಲ್ಲಿ, ಯಾರೂ ಎಡವದಿದ್ದರೆ, ಒಂದು ಗಂಟೆಗೂ ಮೇಲೆ ಬೇಕು. ಇವರು ಹೊರಟಿದ್ದು ರಾತ್ರಿ ಎರಡು ಎರಡೂವರೆಗೆ. ಅದೇ ರಸ್ತೆಯಲ್ಲಿ ಅವರಿಗಿಂತ ಮುಂದೆ ಟೈಲರ್ ಡಿವಿಷನ್ ಇತ್ತು, ಅದರ ಜೊತೆ ಒಂದು ಭಾರೀ ತೋಪು. ಕಬ್ ರನ್ ಎಂಬ ಇನ್ನೊಂದು ಹೊಳೆಯ ಸಣ್ಣ ಸೇತುವೆ ದಾಟುವವರೆಗೆ ಬೇರೆ ದಾರಿಯೇ ಇರಲಿಲ್ಲ. ಗದ್ದಲ ಮಾಡಬೇಕಾದವರು ಮುಂದೆ, ದೂರ ನಡೆಯಬೇಕಾದವರು ಹಿಂದೆ. ನನ್ನ ಮೋರಿಯ ಕಥೆಯೇ, ಹದಿನೈದು ಪಟ್ಟು ದೊಡ್ಡದಾಗಿ.

ದೂರದ ಯುದ್ಧದ ಕಥೆ ಓದುವವರಿಗೆ ಇದು ಬರೀ ತಡ ಅನ್ನಿಸಬಹುದು. ತಡಕ್ಕಿಂತ ಕೆಟ್ಟದ್ದು ಆಯಾಸ. ಭಾರ ಹೊತ್ತು ನಿಂತು, ಹತ್ತು ಹೆಜ್ಜೆ ನಡೆದು, ಮತ್ತೆ ನಿಂತು, ಆಮೇಲೆ ಮುಂದಿನವರನ್ನು ಹಿಡಿಯಲು ಓಡುವುದಿದೆಯಲ್ಲ, ಅದು ಸಲೀಸಾಗಿ ನಡೆಯುವುದಕ್ಕಿಂತ ಎರಡರಷ್ಟು ಸುಸ್ತು. ಮುಖ್ಯರಸ್ತೆ ಬಿಟ್ಟ ಮೇಲೆ ಕಾಡಿನ ಗಾಡಿಜಾಡು. ಅದು ಅಂದುಕೊಂಡಿದ್ದಕ್ಕಿಂತ ಬಹಳ ಉದ್ದ ಇತ್ತು. ಏಳರ ಬದಲು ಒಂಬತ್ತೂವರೆಗೆ ಹೊಳೆ ಮುಟ್ಟಿದರು. ಮುಟ್ಟಿದವರೇ ನೀರಿಗೆ ಬಿದ್ದರು, ಕುಡಿಯಲು.

ಅಷ್ಟರೊಳಗೆ ಕಲ್ಲಿನ ಸೇತುವೆ ಕಾಯುತ್ತಿದ್ದ ದಕ್ಷಿಣದ ಅಧಿಕಾರಿ ನೇಥನ್ ಎವಾನ್ಸ್‌ಗೆ ಅನುಮಾನ ಬಂದಿತ್ತು. ಆರು ಗಂಟೆಯಿಂದ ತೋಪು ಹೊಡೆಯುತ್ತಿದ್ದಾರೆ, ಆದರೆ ದಾಟುತ್ತಿಲ್ಲ, ಯಾಕೆ? ದೂರದ ಗುಡ್ಡದ ಮೇಲೆ ಅವರ ಕಡೆಯ ಬಾವುಟದ ಸನ್ನೆಯವರ ಮುಖ್ಯಸ್ಥ ಪೋರ್ಟರ್ ಅಲೆಕ್ಸಾಂಡರ್ ಕೂತಿದ್ದರು. ಬೆಳಗಿನ ಬಿಸಿಲಿಗೆ ಮೈಲಿಗಟ್ಟಲೆ ಆಚೆ ಒಂದು ಹಿತ್ತಾಳೆ ತೋಪು ಮಿಂಚಿತು. ಮತ್ತೆ ನೋಡಿದರೆ ಬಯೋನೆಟ್‌ಗಳ ಹೊಳಪು. ನಿಮ್ಮ ಎಡಗಡೆ ನೋಡಿಕೊಳ್ಳಿ, ಸುತ್ತುವರಿದು ಬರುತ್ತಿದ್ದಾರೆ ಎಂದು ಬಾವುಟ ಬೀಸಿದರು. ಸೂರ್ಯ ಹುಟ್ಟುವ ಮೊದಲೇ ದಂಡು ದಾಟಿದ್ದರೆ ಮಿಂಚಲು ಬೆಳಕೇ ಇರುತ್ತಿರಲಿಲ್ಲ. ಎವಾನ್ಸ್ ತಮ್ಮ ಸಾವಿರ ಚಿಲ್ಲರೆ ಜನರಲ್ಲಿ ಕೆಲವರನ್ನು ಸೇತುವೆಯಲ್ಲಿ ಬಿಟ್ಟು, ಉಳಿದವರನ್ನು ಕರೆದುಕೊಂಡು ಮ್ಯಾಥ್ಯೂಸ್ ಗುಡ್ಡಕ್ಕೆ ಅಡ್ಡ ನಿಂತರು.

ಹಾಗಿದ್ದೂ ಮಧ್ಯಾಹ್ನದ ಹೊತ್ತಿಗೆ ಉತ್ತರದವರು ಗೆಲ್ಲುತ್ತಿದ್ದರು. ಎದುರಾಳಿಗಳು ಹೆನ್ರಿ ಹೌಸ್ ಗುಡ್ಡಕ್ಕೆ ಹಿಮ್ಮೆಟ್ಟಿದರು. ಅಲ್ಲಿ ಜಾಕ್ಸನ್ ತಮ್ಮ ಬ್ರಿಗೇಡನ್ನು ಗುಡ್ಡದ ಆಚೆ ಇಳಿಜಾರಿನಲ್ಲಿ ಮಲಗಿಸಿದ್ದರು. ಅವರಿಗೆ 'ಸ್ಟೋನ್‌ವಾಲ್' ಎಂಬ ಹೆಸರು ಬಿದ್ದದ್ದು ಆಗಲೇ. ಕಲ್ಲಿನ ಗೋಡೆಯ ಹಾಗೆ ನಿಂತರು ಎಂಬ ಆ ಮಾತು ಬಹಳ ಪ್ರಸಿದ್ಧ, ಅದನ್ನು ಬಿಡಿ. ನಾನು ನೋಡುವುದು ಗೋಡೆಗೆ ಬಡಿಯಲು ಬಂದವರನ್ನು. ಒಂದು ರೆಜಿಮೆಂಟ್ ಹತ್ತಿತು, ಏಟು ತಿಂದು ಇಳಿಯಿತು. ಇನ್ನೊಂದು ಹತ್ತಿತು, ಇಳಿಯಿತು. ಮುಂದೆ ದೊಡ್ಡ ಹೆಸರು ಮಾಡಿದ ಶೆರ್ಮನ್ ಕೂಡ ಅವತ್ತು ತಮ್ಮ ನಾಲ್ಕು ರೆಜಿಮೆಂಟುಗಳನ್ನು ಒಂದಾದ ಮೇಲೊಂದು ಹೀಗೇ ಕಳಿಸಿದರು. ನಾಲ್ಕನ್ನೂ ಒಟ್ಟಿಗೆ ಯಾಕೆ ಕಳಿಸಲಿಲ್ಲ? ಒಟ್ಟಿಗೆ ನಡೆಸುವುದನ್ನು ಯಾರೂ ಅಭ್ಯಾಸ ಮಾಡಿರಲಿಲ್ಲ. ಎಂಟು ರೆಜಿಮೆಂಟನ್ನು ಒಟ್ಟಿಗೆ ಕವಾಯತು ಮಾಡಿಸಿದ್ದಕ್ಕೇ ಮೆಕ್‌ಡೊವೆಲ್ ಮೇಲೆ ಡೌಲು ತೋರಿಸುತ್ತಾರೆ ಎಂಬ ಟೀಕೆ ಬಂದಿತ್ತು. ಇದನ್ನು ಅವರೇ ಆಮೇಲೆ ಸಂಸತ್ತಿನ ಸಮಿತಿಯ ಮುಂದೆ ಹೇಳಿಕೊಂಡರು.

ಮೆಕ್‌ಡೊವೆಲ್ ಹನ್ನೊಂದು ತೋಪುಗಳನ್ನು ಗುಡ್ಡದ ತುದಿಗೆ ಕಳಿಸಿದರು, ಜಾಕ್ಸನ್ ತೋಪುಗಳಿಂದ ಬರೀ 300 ಗಜ ದೂರಕ್ಕೆ. ಹಾಸಿಗೆ ಹಿಡಿದಿದ್ದ ಜುಡಿತ್ ಹೆನ್ರಿ ಎಂಬ ವೃದ್ಧೆ ಅವತ್ತು ಆ ಗುಡ್ಡದ ಮೇಲಿನ ತನ್ನ ಮನೆಯಲ್ಲೇ ತೋಪಿನ ಗುಂಡಿಗೆ ಸತ್ತಳು. ಆಗ ಪಕ್ಕದ ಮರಗಳಿಂದ ನೀಲಿ ಬಟ್ಟೆಯ ಒಂದು ರೆಜಿಮೆಂಟ್ ಬಂತು. ಉತ್ತರದ ತೋಪಿನ ಅಧಿಕಾರಿ ಚಾರ್ಲ್ಸ್ ಗ್ರಿಫಿನ್ ತೋಪು ತಿರುಗಿಸಿ ಹೊಡೆಯಲು ಸಿದ್ಧರಾದರು. ತೋಪುಗಳ ಮೇಲಧಿಕಾರಿ ವಿಲಿಯಂ ಬ್ಯಾರಿ ತಡೆದರು: ಅವರು ನಮ್ಮವರೇ, ನಿಮ್ಮ ಕಾವಲಿಗೆ ಬಂದವರು. ಗ್ರಿಫಿನ್ ಸುಮ್ಮನಾದರು. ಬಂದದ್ದು ವರ್ಜೀನಿಯಾದ 33ನೇ ರೆಜಿಮೆಂಟ್. ಹತ್ತಿರ ಬಂದು ಒಟ್ಟಿಗೆ ಗುಂಡು ಹಾರಿಸಿದರು. ತೋಪಿನವರೂ ಕುದುರೆಗಳೂ ಅಲ್ಲೇ ಬಿದ್ದರು. ಉತ್ತರದವರಿಗೆ ನೀಲಿ, ದಕ್ಷಿಣದವರಿಗೆ ಬೂದು ಎಂದು ಸಮವಸ್ತ್ರಕ್ಕೆ ಒಂದು ಬಣ್ಣ ಆಗಿನ್ನೂ ಗಟ್ಟಿಯಾಗಿರಲಿಲ್ಲ. ಉತ್ತರದ ವಿಸ್ಕಾನ್ಸಿನ್ ಹುಡುಗರು ಬೂದು ಬಟ್ಟೆಯಲ್ಲಿ ಬಂದು ತಮ್ಮವರಿಂದಲೇ ಏಟು ತಿಂದರು.

ನಾಲ್ಕು ಗಂಟೆಯ ಸುಮಾರಿಗೆ, ಅದೇ ದಿನ ರೈಲಿನಿಂದ ಇಳಿದ ಬ್ರಿಗೇಡ್ ಒಂದು ಉತ್ತರದವರ ಬಲಪಕ್ಕೆಗೆ ಬಂದು ಬಡಿಯಿತು. ರಾತ್ರಿ ಎರಡಕ್ಕೆ ಎದ್ದವರು, ಊಟ ಇಲ್ಲ, ನೀರಿಲ್ಲ. ಸಾಲು ಒಡೆಯಿತು. ವಾಪಸ್ ದಾರಿಯಲ್ಲಿ ಮತ್ತದೇ ಕಬ್ ರನ್ ಸೇತುವೆ. ಅದರ ಮೇಲೆ ಒಂದು ಬಂಡಿ ಶೆಲ್ ಬಿದ್ದು ಮಗುಚಿಕೊಂಡಿತು. ದಾರಿ ಬಂದ್. ಯುದ್ಧ ನೋಡಲು ವಾಷಿಂಗ್ಟನ್‌ನಿಂದ ಸಾರೋಟಿನಲ್ಲಿ ಬಂದವರೂ ಅದೇ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡರು. ಆಲ್ಫ್ರೆಡ್ ಈಲಿ ಎಂಬ ಸಂಸದರು ಸೆರೆಯೂ ಸಿಕ್ಕರು. ಉತ್ತರದವರಲ್ಲಿ ಸತ್ತವರು ಸುಮಾರು 460, ದಕ್ಷಿಣದವರಲ್ಲಿ 390ರ ಹತ್ತಿರ. ಸೆರೆ ಸಿಕ್ಕವರು, ನಾಪತ್ತೆಯಾದವರು ಉತ್ತರದ ಕಡೆ 1,300. ಚೆದುರದೆ ಸಾಲಿನಲ್ಲೇ ಹಿಂದೆ ಸರಿದವರಲ್ಲಿ ಮುಖ್ಯವಾದವರು ಜಾರ್ಜ್ ಸೈಕ್ಸ್ ಅವರ ಸಣ್ಣ ಬೆಟಾಲಿಯನ್. ಅವರು ಖಾಯಂ ಸೇನೆಯವರು.

ದಕ್ಷಿಣದವರು ಜಾಣರು, ಹಾಗಾಗಿ ಗೆದ್ದರು ಎನ್ನುವವರಿಗೆ ಅವರ ಬೆಳಗಿನ ಕಥೆ ಹೇಳುತ್ತೇನೆ. ಬೋರಿಗಾರ್ಡ್ ಕೂಡ ಅವತ್ತು ದಾಳಿಗೇ ಹೊರಟಿದ್ದರು, ತಮ್ಮ ಬಲಗಡೆಯಿಂದ. ಮೊದಲು ಹೊರಡಬೇಕಿದ್ದ ಯೂಅಲ್ ಅವರಿಗೆ ಆದೇಶವೇ ಮುಟ್ಟಲಿಲ್ಲ. ಪಕ್ಕದ ಬ್ರಿಗೇಡ್ ಹೊಳೆ ದಾಟಿ ಅವರಿಗಾಗಿ ಕಾಯುತ್ತಾ ನಿಂತಿತು, ಆಮೇಲೆ ವಾಪಸ್ ಬಂತು. ಶತ್ರು ತಾನಾಗಿ ಎಡಗಡೆ ಬಂದದ್ದರಿಂದ ಈ ಎಡವಟ್ಟು ಮುಚ್ಚಿಹೋಯಿತು.

ಸಂಜೆ ಅವರ ನಡೆಯುವ ಸರದಿ ಬಂತು. ಎದುರಿಗೆ ಓಡುತ್ತಿರುವ ದಂಡು, ಅದರ ಹಿಂದೆ ವಾಷಿಂಗ್ಟನ್. ಬೆನ್ನಟ್ಟಿ ಎಂದು ಆದೇಶ ಹೋಯಿತು. ಅಷ್ಟರಲ್ಲಿ ಬಲಗಡೆ ಶತ್ರು ಹೊಳೆ ದಾಟಿ ಬಂದಿದ್ದಾನೆ ಎಂದು ಸುದ್ದಿ. ಆ ಕಡೆ ಪಡೆ ಓಡಿಸಿದರು. ನೋಡಿದರೆ ತಮ್ಮವರೇ, ಬಟ್ಟೆ ನೋಡಿ ಯಾರೋ ತಪ್ಪು ತಿಳಿದಿದ್ದರು. ಕತ್ತಲಾಯಿತು. ಬೆಳಗ್ಗೆ ಎದ್ದಾಗ ಜೋರು ಮಳೆ, ರಸ್ತೆ ತುಂಬ ಕೆಸರು. ಗೆದ್ದ ದಂಡು ಅಲ್ಲೇ ನಿಂತಿತು.